ಸವೆದ ಸೋಪಿನ ಲೆಕ್ಕಾಚಾರ

ಸ್ನಾನದ ಸೋಪು ಪೂರ್ತಿಯಾಗಿ ಮೈಗೇ ಸವೆದು ಮುಗಿಯುವುದು ಅಪರೂಪ. ತೆಳ್ಳಗಾಗಿ, ಹಿಡಿತಕ್ಕೆ ಸಿಗದೆ, ನೊರೆ ಬರುವಷ್ಟರಲ್ಲಿ ಎರಡು ತುಂಡಾಗಿ ಬಚ್ಚಲ ಮೋರಿಯತ್ತ ಜಾರುವ ಹಂತಕ್ಕೆ ಬಂದೊಡನೆ ಅದನ್ನು ಬದಿಗೆ ಸರಿಸಿ ಹೊಸದರ ಹೊದಿಕೆ ಬಿಚ್ಚುವುದು ಹೆಚ್ಚಿನ ಮನೆಗಳ ರೂಢಿ. ಹೀಗೆ ಉಳಿದ ಚೂರುಗಳಿಂದ ಹಣ ಉಳಿಸುವ ನಾನಾ ಉಪಾಯಗಳು ಮನೆವಾರ್ತೆಯ ಬರಹಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತವೆ. ಅವುಗಳನ್ನು ಒಪ್ಪುವ ಮುನ್ನ ಒಂದು ಸರಳ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 100 ಗ್ರಾಂ ತೂಕದ ಸೋಪಿನಲ್ಲಿ 6 ಗ್ರಾಂ ಚೂರು ಉಳಿಯುತ್ತದೆಂದೂ, ಒಂದು ಕುಟುಂಬ ತಿಂಗಳಿಗೆ 4 ಸೋಪು ಬಳಸುತ್ತದೆಂದೂ ಇಟ್ಟುಕೊಂಡರೆ ವರ್ಷಕ್ಕೆ 48 ಚೂರುಗಳು, ಅಂದರೆ 288 ಗ್ರಾಂ ಸೋಪು ಕೂಡುತ್ತದೆ. ಸೋಪೊಂದರ ಬೆಲೆ 40 ರೂಪಾಯಿ ಎಂದು ಹಿಡಿದರೆ ಇದರ ಮೌಲ್ಯ ಸುಮಾರು 115 ರೂಪಾಯಿ. ಬಿಟ್ಟುಬಿಡಬೇಕಾದಷ್ಟು ಅಲ್ಪವಲ್ಲದಿದ್ದರೂ ಅದಕ್ಕಾಗಿ ಗ್ಯಾಸ್ ಉರಿಸಿ, ಅಚ್ಚು ಕೊಂಡು, ಸುಗಂಧತೈಲ ತರಿಸುವಷ್ಟು ದೊಡ್ಡದೂ ಅಲ್ಲದ ಈ ಮೊತ್ತವೇ, ಯಾವ ವಿಧಾನ ಲಾಭದ್ದು, ಯಾವುದು ಬರಿಯ ಹವ್ಯಾಸ ಎಂಬುದನ್ನು ನಿರ್ಧರಿಸಬೇಕಾದ ಅಳತೆಗೋಲು.

ಚೂರು ಏಕೆ ಹಾಗೆ ವರ್ತಿಸುತ್ತದೆ ಎಂಬುದು ಸೋಪಿನ ರಚನೆಯಲ್ಲಿದೆ. ಎಣ್ಣೆ ಅಥವಾ ಕೊಬ್ಬು ಕ್ಷಾರದೊಡನೆ ಕೂಡಿ ಸೋಪು ಮತ್ತು ಗ್ಲಿಸರಿನ್ ಆಗಿ ಮಾರ್ಪಡುವ ಕ್ರಿಯೆಗೆ ಸಾಬೂನೀಕರಣ ಎನ್ನುತ್ತಾರೆ. ಕ್ಷಾರವಾಗಿ ಕಾಸ್ಟಿಕ್ ಸೋಡ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಬಳಸಿದರೆ ಗಟ್ಟಿ ಸೋಪೂ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸಿದರೆ ಮೆತ್ತನೆಯ ಅಥವಾ ದ್ರವರೂಪದ ಸೋಪೂ ದೊರೆಯುತ್ತದೆ. ಸೋಪಿನಲ್ಲಿ ಎಣ್ಣೆ-ಕೊಬ್ಬಿನಿಂದ ಬಂದ ಭಾಗ ಎಷ್ಟಿದೆ ಎಂಬುದನ್ನು ಒಟ್ಟು ಕೊಬ್ಬಿನಾಂಶ ಎಂಬ ಅಳತೆ ಹೇಳುತ್ತದೆ, ಹೊದಿಕೆಯ ಮೇಲೆ ಟಿಎಫ್‌ಎಂ ಎಂಬ ಮೂರಕ್ಷರಗಳಲ್ಲಿ ಅಚ್ಚಾಗಿರುವುದು ಇದೇ. ಭಾರತೀಯ ಮಾನಕ ಬ್ಯೂರೋದ ನಿಯಮದಂತೆ ಮೊದಲ ದರ್ಜೆಯ ಟಾಯ್ಲೆಟ್ ಸೋಪಿನಲ್ಲಿ ಕನಿಷ್ಠ ಶೇ. 76, ಎರಡನೆಯದರಲ್ಲಿ 70, ಮೂರನೆಯದರಲ್ಲಿ 60ರಷ್ಟು ಕೊಬ್ಬಿನಾಂಶ ಇರಬೇಕು. ಬೇಥಿಂಗ್ ಬಾರ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಬಿಲ್ಲೆಗಳಿಗೆ ಶೇ. 40 ಇದ್ದರೆ ಸಾಕು. ಕೊಬ್ಬಿನಾಂಶ ಕಡಿಮೆಯಾಗಿ ಭರ್ತಿಪದಾರ್ಥ ಹೆಚ್ಚಾದಷ್ಟೂ ಬಿಲ್ಲೆ ಬೇಗ ಕರಗುತ್ತದೆ, ಬಿರುಕು ಬಿಡುತ್ತದೆ. ಅಗ್ಗದ ಸೋಪು ಕೊಂಡು ಅದರ ಚೂರನ್ನು ಜೋಪಾನ ಮಾಡುವವರು ಇದನ್ನೊಂದು ಸಲ ಹೊದಿಕೆ ತಿರುಗಿಸಿ ನೋಡಿಕೊಳ್ಳಬೇಕು.

ನಷ್ಟದ ದೊಡ್ಡ ಪಾಲು ಕೊನೆಯ ಚೂರಿನಲ್ಲಿ ಅಲ್ಲ, ಸೋಪು ದಿನವಿಡೀ ಕುಳಿತಿರುವ ಡಬ್ಬಿಯಲ್ಲಿದೆ. ತೂತಿಲ್ಲದ, ಚಪ್ಪಟೆ ತಳದ ಡಬ್ಬಿಯಲ್ಲಿ ನೀರು ನಿಂತರೆ ಸೋಪಿನ ಅಡಿಭಾಗ ನೀರನ್ನು ಹೀರಿಕೊಂಡು ಲೋಳೆಯಾಗುತ್ತದೆ. ಆ ಬಿಳಿಯ ಲೋಳೆಯನ್ನು ವಾರಕ್ಕೊಮ್ಮೆ ಉಜ್ಜಿ ಮೋರಿಗೆ ಚೆಲ್ಲುವ ಮನೆ, ಸೋಪಿನ ಚೂರನ್ನು ಎಷ್ಟೇ ಶ್ರದ್ಧೆಯಿಂದ ಕೂಡಿಟ್ಟರೂ, ಕೂಡಿಟ್ಟದ್ದಕ್ಕಿಂತ ಹೆಚ್ಚನ್ನು ಚೆಲ್ಲಿರುತ್ತದೆ. ಅಡಿಯಲ್ಲಿ ಏಣುಗಳಿದ್ದು ನೀರು ಬಸಿಯುವ ತಟ್ಟೆ, ಇಲ್ಲವೇ ಒಣಗಿದ ಹೀರೇಕಾಯಿಯ ನಾರಿನ ಒಂದು ತುಂಡು, ಷವರಿನ ನೀರು ಸಿಡಿಯದ ಗೂಡಿನಲ್ಲಿದ್ದರೆ ಸಾಕು. ಗ್ಲಿಸರಿನ್ ಹೆಚ್ಚಿರುವ ಸೋಪುಗಳು ಗಾಳಿಯ ತೇವವನ್ನೂ ಸೆಳೆದುಕೊಳ್ಳುವುದರಿಂದ ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಅವು ಒಂದು ಸ್ನಾನದಿಂದ ಇನ್ನೊಂದರವರೆಗೆ ಒಣಗುವುದೇ ಇಲ್ಲ. ಅಂಥ ಕಡೆ ಎರಡು ಸೋಪುಗಳನ್ನು ಸರದಿಯಲ್ಲಿ ಬಳಸಿದರೆ ಒಂದಕ್ಕೆ ಒಣಗುವ ಬಿಡುವು ಸಿಗುತ್ತದೆ. ದೊಡ್ಡ ಬಿಲ್ಲೆಯನ್ನು ಮೊದಲೇ ಎರಡಾಗಿ ಕತ್ತರಿಸಿ ಅರ್ಧವನ್ನು ಒಣಗಿದ ಜಾಗದಲ್ಲಿ ಇಡುವುದೂ ಇದೇ ಕಾರಣದಿಂದ ಲಾಭದಾಯಕ.

ಇಷ್ಟಾದ ಮೇಲೂ ಉಳಿಯುವ ಚೂರಿಗೆ ಅತ್ಯುತ್ತಮ ದಾರಿ ಅತ್ಯಂತ ಹಳೆಯದೇ: ಅದನ್ನು ಹೊಸ ಸೋಪಿಗೆ ಅಂಟಿಸುವುದು. ಇದರಲ್ಲಿ ಖರ್ಚು ಸೊನ್ನೆಯಾದರೂ ಹಲವರ ಕೈಯಲ್ಲಿ ಚೂರು ಮರುದಿನವೇ ಕಳಚಿಬೀಳುವುದುಂಟು. ಒಣಗಿ ಗಟ್ಟಿಯಾದ ಚೂರಿನ ಮೈ ಸೀಳುಬಿಟ್ಟಿರುತ್ತದೆ, ಹೊಸ ಸೋಪಿನ ಮೈಯಾದರೋ ನುಣುಪಾಗಿ, ಅದರ ಮೇಲಿನ ಅಕ್ಷರಗಳು ಉಬ್ಬಿಯೋ ತಗ್ಗಿಯೋ ಇರುತ್ತವೆ. ಇವೆರಡನ್ನೂ ಸುಮ್ಮನೆ ಒತ್ತಿದರೆ ನಡುವೆ ಗಾಳಿ ಉಳಿಯುತ್ತದೆ. ಹೊಸ ಸೋಪನ್ನು ಮೂರು-ನಾಲ್ಕು ದಿನ ಬಳಸಿ ಅಕ್ಷರಗಳು ಅಳಿದ ಮೇಲೆ, ಚೂರನ್ನು ಬಿಸಿನೀರಿನಲ್ಲಿ ಕೆಲವು ನಿಮಿಷ ನೆನೆಹಾಕಿ, ಸ್ನಾನ ಮುಗಿದಾಗ ಎರಡರ ಮೈಯೂ ಲೋಳೆಲೋಳೆಯಾಗಿರುವಂತೆಯೇ ಕೂಡಿಸಿ, ಅಂಚಿನಲ್ಲಿ ಹೊರಬಂದ ಲೋಳೆಯನ್ನು ಬೆರಳಿನಿಂದ ಸುತ್ತಲೂ ಸವರಿ ಸಂದು ಮುಚ್ಚಿ, ರಾತ್ರಿಯಿಡೀ ಅಲುಗಿಸದೆ ಒಣಗಲು ಬಿಟ್ಟರೆ ಬೆಸುಗೆ ನಿಲ್ಲುತ್ತದೆ. ಹಳೆಯ ಚೂರಿನ ಉಬ್ಬಿದ ಮಗ್ಗುಲನ್ನು ಹೊಸತರ ತಗ್ಗಿಗೆ ಹೊಂದಿಸಿದರೆ ಇನ್ನೂ ಗಟ್ಟಿ. ಒಂದೇ ತಯಾರಿಕೆಯ ಸೋಪುಗಳು ಸುಲಭವಾಗಿ ಬೆರೆಯುತ್ತವೆ. ಕೊಬ್ಬಿನಾಂಶದಲ್ಲಿ ಬಹಳ ಅಂತರವಿರುವ ಎರಡು ಸೋಪುಗಳು ಒಣಗುವಾಗ ಬೇರೆಬೇರೆ ಪ್ರಮಾಣದಲ್ಲಿ ಕುಗ್ಗಿ ಬಿಟ್ಟುಕೊಳ್ಳುತ್ತವೆ.

ಚೂರುಗಳನ್ನು ಕೂಡಿಸುವುದು ಬಡತನದ ಲಕ್ಷಣವೆಂದು ಮುಜುಗರಪಡುವವರಿಗೆ ಸೋಪಿನ ಕಾರ್ಖಾನೆಯ ಒಳನೋಟ ಸಮಾಧಾನ ಕೊಟ್ಟೀತು. ಅಲ್ಲಿ ಸೋಪಿನ ಉದ್ದನೆಯ ಕಡ್ಡಿಯನ್ನು ಕತ್ತರಿಸಿ ಅಚ್ಚು ಒತ್ತುವಾಗ ಅಂಚಿನಿಂದ ಹೊರಚೆಲ್ಲುವ ಸೋಪನ್ನೂ, ಆಕಾರ ಕೆಟ್ಟ ಬಿಲ್ಲೆಗಳನ್ನೂ ಮರಳಿ ಯಂತ್ರಕ್ಕೇ ಹಾಕುತ್ತಾರೆ. ಆದರೆ ಯಂತ್ರ ಇದನ್ನು ಸಾಧಿಸುವುದು ಒತ್ತಡದಿಂದ: ಉರುಳೆಗಳ ನಡುವೆ ಅರೆದು, ಗಾಳಿ ತೆಗೆದು, ಬಿಗಿಯಾಗಿ ಹಿಂಡಿ ಹೊರದೂಡುತ್ತದೆ, ನೀರು ಸೇರಿಸುವುದಿಲ್ಲ. ಮನೆಯಲ್ಲಿ ಆ ಒತ್ತಡ ಸಾಧ್ಯವಿಲ್ಲದ್ದರಿಂದ ಅದರ ಬದಲು ನೀರು ಮತ್ತು ಶಾಖವನ್ನು ಬಳಸಬೇಕಾಗುತ್ತದೆ. ಚೂರುಗಳನ್ನು ತುರಿದು, ಸ್ವಲ್ಪವೇ ನೀರು ಚಿಮುಕಿಸಿ, ಕುದಿಯುವ ನೀರಿನ ಮೇಲಿಟ್ಟ ಪಾತ್ರೆಯಲ್ಲಿ ಬಿಸಿಮಾಡಿದಾಗ ಸೋಪು ಮೇಣದಂತೆ ಕರಗಿ ಹರಿಯುವುದಿಲ್ಲ, ಗಂಟುಗಂಟಾದ ಮುದ್ದೆಯಾಗುತ್ತದೆ. ಪಾರದರ್ಶಕ ಸೋಪುಗಳು ಮಾತ್ರ, ಅವುಗಳಲ್ಲಿ ಗ್ಲಿಸರಿನ್, ಸಕ್ಕರೆ ಮುಂತಾದ ದ್ರಾವಕಗಳು ಹೆಚ್ಚಿರುವುದರಿಂದ, ಇದಕ್ಕಿಂತ ಚೆನ್ನಾಗಿ ಕರಗುತ್ತವೆ. ಮುದ್ದೆಯನ್ನು ಅಚ್ಚಿಗೆ ತುಂಬಿ ಸೇರಿಸಿದ ನೀರೆಲ್ಲ ಆರುವವರೆಗೆ ವಾರಗಟ್ಟಲೆ ಕಾದು, ಆಮೇಲೂ ಕುಗ್ಗಿ ಬಿರುಕುಬಿಟ್ಟ ಬಿಲ್ಲೆಯನ್ನು ಪಡೆಯುವ ಈ ವಿಧಾನ, ಉರಿಸಿದ ಗ್ಯಾಸನ್ನೂ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಉಳಿತಾಯದ ಪಟ್ಟಿಗೆ ಸೇರುವುದಿಲ್ಲ. ಮಕ್ಕಳ ರಜೆಯ ಚಟುವಟಿಕೆಯಾಗಿ ಅದಕ್ಕೆ ಬೆಲೆ ಇರಬಹುದು.

ಹೆಚ್ಚು ಪ್ರಚಾರದಲ್ಲಿರುವ ಇನ್ನೊಂದು ಉಪಾಯವೆಂದರೆ ಚೂರುಗಳನ್ನು ನೀರಿನಲ್ಲಿ ಕರಗಿಸಿ ಕೈ ತೊಳೆಯುವ ದ್ರವ ಮಾಡಿಕೊಳ್ಳುವುದು. ಮೊದಲ ದಿನ ಹಾಲಿನಷ್ಟು ತೆಳ್ಳಗೆ ಕಾಣುವ ದ್ರವ ತಣ್ಣಗಾದ ಮೇಲೆ ಜೆಲ್ಲಿಯಂತೆ ಹೆಪ್ಪುಗಟ್ಟಿ ಪಂಪಿನ ಬಾಟಲಿಯಲ್ಲಿ ಮೇಲೇರದಿರುವುದಕ್ಕೆ ಕಾರಣ, ಗಟ್ಟಿ ಸೋಪಿನಲ್ಲಿರುವ ಸೋಡಿಯಂ ಲವಣಗಳು ತಣ್ಣೀರಿನಲ್ಲಿ ಪೂರ್ತಿ ಕರಗಿರಲಾರದೆ ಸೂಕ್ಷ್ಮ ಎಳೆಗಳಾಗಿ ಹರಳುಗಟ್ಟಿ, ಒಂದಕ್ಕೊಂದು ಹೆಣೆದುಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುವುದು. ಇದನ್ನು ಬಾಯಗಲದ ಡಬ್ಬಿಯಲ್ಲಿಟ್ಟು ಬೆರಳಿನಲ್ಲಿ ತೆಗೆದುಕೊಂಡರೆ ತೊಂದರೆಯೇನಿಲ್ಲ. ತೊಂದರೆ ಬರುವುದು ನೀರಿನಿಂದ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಿರುವ ಗಡಸು ನೀರಿನಲ್ಲಿ, ಅಂದರೆ ಬಯಲುಸೀಮೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ, ಸೋಪಿನ ಒಂದು ಭಾಗ ಆ ಲವಣಗಳೊಡನೆ ಕೂಡಿ ಕರಗದ ಕಸರಾಗಿ ತೇಲುತ್ತದೆ. ಬಕೆಟ್ಟಿನ ಸುತ್ತ ಕಟ್ಟುವ ಬೂದುಬಣ್ಣದ ಗೆರೆ ಅದೇ. ಆದುದರಿಂದ ಮಳೆನೀರನ್ನಾಗಲಿ, ನದಿಮೂಲದ ನಲ್ಲಿ ನೀರನ್ನಾಗಲಿ ಬಳಸುವುದು ಮೇಲು; ಕುದಿಸಿ ಆರಿಸಿದ ನೀರಿನಲ್ಲಿ ಗಡಸುತನದ ಒಂದು ಭಾಗ, ತಾತ್ಕಾಲಿಕ ಗಡಸುತನವೆಂದು ಕರೆಯುವುದು, ಮಾತ್ರ ಹೋಗಿರುತ್ತದೆ. ಪರಿಮಳಕ್ಕೆಂದು ನಿಂಬೆರಸ ಹಿಂಡುವ ಸಲಹೆಯಂತೂ ಪೂರ್ತಿ ತಪ್ಪು: ಸೋಪು ಕ್ಷಾರೀಯವಾದುದು, ಆಮ್ಲ ಬಿದ್ದೊಡನೆ ಅದು ಮತ್ತೆ ಕೊಬ್ಬಿನಾಮ್ಲವಾಗಿ ಒಡೆದು ಬಿಳಿಯ ಜಿಡ್ಡಿನ ಗರಣೆಯಾಗಿ ಬೇರ್ಪಡುತ್ತದೆ, ನೊರೆ ಬರುವುದಿಲ್ಲ. ವಿನಿಗರ್ ಹಾಕಿದರೂ ಅಷ್ಟೇ. ಉಪ್ಪು ಹಾಕಿದರೆ ಸೋಪು ನೀರಿನಿಂದ ಬೇರೆಯಾಗಿ ಮೇಲೆ ಕಟ್ಟಿಕೊಳ್ಳುತ್ತದೆ. ಅಂಗಡಿಯ ಹ್ಯಾಂಡ್‌ವಾಷಿನಲ್ಲಿ ಸಂರಕ್ಷಕಗಳಿರುತ್ತವೆ, ಮನೆಯ ದ್ರವದಲ್ಲಿ ಇರುವುದಿಲ್ಲವಾದ್ದರಿಂದ ಒಂದೆರಡು ವಾರಕ್ಕೆ ಸಾಕಾಗುವಷ್ಟನ್ನೇ ಮಾಡಿ, ಮುಗಿದ ಮೇಲೆ ಡಬ್ಬಿಯನ್ನು ತೊಳೆದೊಣಗಿಸಿ ಮತ್ತೆ ತುಂಬುವುದು ಕ್ಷೇಮ.

ಕರಗಿಸುವ ಗೋಜೇ ಬೇಡವೆನ್ನುವವರಿಗೆ ಬಲೆಚೀಲವಿದೆ. ಬೆಳ್ಳುಳ್ಳಿ, ನಿಂಬೆಹಣ್ಣು ತುಂಬಿಕೊಂಡು ಬರುವ ಚಿಕ್ಕ ಬಲೆಚೀಲಕ್ಕೆ ಚೂರುಗಳನ್ನು ಹಾಕಿ ಬಾಯಿ ಕಟ್ಟಿ ಹಿತ್ತಲ ನಲ್ಲಿಗೆ ತೂಗುಹಾಕಿದರೆ, ತೋಟದ ಕೆಲಸ ಮುಗಿಸಿ ಬಂದವರು ಕೈಕಾಲು ತೊಳೆಯುವಾಗ ಬಲೆಯ ಒರಟೇ ನೊರೆಯನ್ನೂ ಎಬ್ಬಿಸುತ್ತದೆ, ಮಣ್ಣನ್ನೂ ಬಿಡಿಸುತ್ತದೆ. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ, ಎಣ್ಣೆ-ಕೊಬ್ಬುಗಳನ್ನು ಆಹಾರಕ್ಕಾಗಿ ಉಳಿಸಿಕೊಳ್ಳಲೆಂದು 1942ರ ಫೆಬ್ರುವರಿಯಲ್ಲಿ ಸೋಪಿಗೆ ರೇಷನ್ ವಿಧಿಸಿ ಅದನ್ನು 1950ರವರೆಗೂ ಮುಂದುವರಿಸಿದಾಗ, ಹಿಡಿಯುಳ್ಳ ಪುಟ್ಟ ತಂತಿಪಂಜರಕ್ಕೆ ಚೂರುಗಳನ್ನು ತುಂಬಿ ಪಾತ್ರೆ ತೊಳೆಯುವ ನೀರಿನಲ್ಲಿ ಅಲುಗಾಡಿಸಿ ನೊರೆ ಎಬ್ಬಿಸುವುದು ಅಲ್ಲಿಯ ಅಡುಗೆಮನೆಗಳ ಸಾಮಾನ್ಯ ಪದ್ಧತಿಯಾಗಿತ್ತು. ಬಲೆಚೀಲ ಆ ಪಂಜರದ ಅಗ್ಗದ ರೂಪ. ಬಟ್ಟೆ ಒಗೆಯುವ ಡಿಟರ್ಜೆಂಟ್ ಬಾರಿನ ತುಣುಕನ್ನು ಮಾತ್ರ ಇದರೊಳಗೆ ಬೆರೆಸಬಾರದು. ಅದು ಸೋಪಲ್ಲ, ಪೆಟ್ರೋಲಿಯಂ ಮೂಲದ ಶುದ್ಧಿಕಾರಕಕ್ಕೆ ಸೋಡ ಮತ್ತು ಖನಿಜದ ಪುಡಿ ಸೇರಿಸಿದ ವಸ್ತುವಾದ್ದರಿಂದ ಕೈಯ ಚರ್ಮ ಒಡೆಯಬಹುದು.

ತೊಳೆಯುವುದರ ಹೊರಗೂ ಚೂರಿಗೆ ಕೆಲಸಗಳಿವೆ. ಅಂಚು ಹರಿತವಾದ ಒಣ ಚೂರು ಗಾಢಬಣ್ಣದ ಬಟ್ಟೆಯ ಮೇಲೆ ಹೊಲಿಗೆಯ ಗುರುತು ಹಾಕಲು ದರ್ಜಿಯ ಚಾಕಿಗೆ ಸಮನಾದದ್ದು, ಗುರುತು ಮೊದಲ ಒಗೆತಕ್ಕೇ ಹೋಗುತ್ತದೆ. ಮಳೆಗಾಲದಲ್ಲಿ ಉಬ್ಬಿ ಬಿಗಿಯಾದ ಮರದ ಡ್ರಾಯರಿನ ಅಂಚಿಗೂ, ಮರಕ್ಕೆ ತಿರುಗಿಸುವ ಸ್ಕ್ರೂವಿನ ಎಳೆಗೂ, ಸಿಕ್ಕಿಕೊಳ್ಳುವ ಜಿಪ್ಪಿಗೂ ಉಜ್ಜಿದರೆ ಜಾರಿಕೆ ಬರುತ್ತದೆ. ಪರಿಮಳದ ಚೂರನ್ನು ಕಾಗದದಲ್ಲಿ ಸುತ್ತಿ ಸೀರೆಗಳ ನಡುವೆ ಇಡುವ ಪದ್ಧತಿಯಲ್ಲಿ ಮೈಸೂರು ಸ್ಯಾಂಡಲ್ಲಿಗೆ ಮೊದಲ ಸ್ಥಾನ. ಅಂದಹಾಗೆ, ಮೊದಲನೆಯ ಮಹಾಯುದ್ಧದಿಂದ ಯುರೋಪಿಗೆ ರಫ್ತಾಗದೆ ಮೈಸೂರು ಸಂಸ್ಥಾನದಲ್ಲಿ ಉಳಿದುಹೋದ ಶ್ರೀಗಂಧದ ದಾಸ್ತಾನನ್ನು ಇಲ್ಲೇ ಎಣ್ಣೆ ತೆಗೆದು ಬಳಸುವ ಯೋಚನೆಯಿಂದ ಹುಟ್ಟಿದ ಆ ಸೋಪೇ, ಒಂದರ್ಥದಲ್ಲಿ, ಉಳಿಕೆಯ ಉತ್ಪನ್ನ. ತೋಟದ ಹಿಟ್ಟುತಿಗಣೆ, ಗಿಡಹೇನುಗಳ ಮೇಲೆ ಸೋಪಿನ ತೆಳು ದ್ರಾವಣ ಕೆಲಸ ಮಾಡುವುದು ನಿಜವಾದರೂ ಸುಗಂಧ ಮತ್ತು ಬಣ್ಣವಿರುವ ಸ್ನಾನದ ಸೋಪು ಎಲೆ ಸುಡುವುದುಂಟಾದ್ದರಿಂದ ಮೊದಲು ನಾಲ್ಕೈದು ಎಲೆಗಳಿಗೆ ಸಂಜೆಯ ಹೊತ್ತು ಸಿಂಪಡಿಸಿ ಎರಡು ದಿನ ಕಾದು ನೋಡಬೇಕು.

ಒಬ್ಬರು ಬಳಸಿದ ಚೂರು ಇನ್ನೊಬ್ಬರಿಗೆ ರೋಗ ಅಂಟಿಸೀತೆ ಎಂಬ ಅಂಜಿಕೆ ಸಹಜ. ಸೋಪಿನ ಬಿಲ್ಲೆಗಳ ಮೇಲೆ ಬೇಕೆಂದೇ ಬ್ಯಾಕ್ಟೀರಿಯಾ ಲೇಪಿಸಿ ಅವುಗಳಿಂದ ಕೈ ತೊಳೆಸಿ ನಡೆಸಿದ, 1988ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತೊಳೆದ ಕೈಗಳ ಮೇಲೆ ಆ ಬ್ಯಾಕ್ಟೀರಿಯಾ ಪತ್ತೆಯಾಗಲಿಲ್ಲ. ಹುಳುಕಡ್ಡಿ, ಕಜ್ಜಿಯಂಥ ಚರ್ಮರೋಗವಿದ್ದವರ ಸೋಪನ್ನು ಬೇರೆಯಿಡುವ ಮನೆಗಳ ಪದ್ಧತಿ ಆದರೂ ಸರಿಯಾದುದೇ, ಅವರ ಚೂರನ್ನು ಉಳಿದವುಗಳೊಡನೆ ಸೇರಿಸಬಾರದು. ಹೋಟೆಲುಗಳು ಎಸೆಯುವ ಸೋಪಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು: ಉಗಾಂಡ ಮೂಲದ ಡೆರೆಕ್ ಕಯೊಂಗೊ 2009ರಲ್ಲಿ ಅಮೆರಿಕದ ಅಟ್ಲಾಂಟದಲ್ಲಿ ಆರಂಭಿಸಿದ ಗ್ಲೋಬಲ್ ಸೋಪ್ ಪ್ರಾಜೆಕ್ಟ್ ಹೋಟೆಲುಗಳಿಂದ ಬಂದ ಬಿಲ್ಲೆಗಳನ್ನು ಶುಚಿಮಾಡಿ, ಮರುಸಂಸ್ಕರಿಸಿ, ಹೊಸ ಬಿಲ್ಲೆಗಳಾಗಿಸಿ, ಪರೀಕ್ಷೆಗೊಳಪಡಿಸಿದ ಮೇಲೆಯೇ ಬಡದೇಶಗಳಿಗೆ ಕಳಿಸುತ್ತಿತ್ತು. ತಾನೇ ಹೊದಿಕೆ ಬಿಚ್ಚಿ ಒಂದೆರಡು ಸಲ ಬಳಸಿದ ಹೋಟೆಲಿನ ಸೋಪನ್ನು ಒರೆಸಿ ಕಾಗದದಲ್ಲಿ ಸುತ್ತಿ ಮನೆಗೆ ತರುವ ಪ್ರಯಾಣಿಕನಿಗೆ ಈ ಯಾವ ಪರೀಕ್ಷೆಯೂ ಬೇಕಿಲ್ಲ. ಆ ಪುಟ್ಟ ಬಿಲ್ಲೆ ಸಾಮಾನ್ಯವಾಗಿ ಮನೆಯ ಚೂರಿಗಿಂತ ಎರಡು-ಮೂರು ಪಟ್ಟು ತೂಗುತ್ತದೆ, ಕೈತೊಳೆಯುವ ಬೇಸಿನ್ನಿನ ಬಳಿ ಹಲವು ದಿನ ಬರುತ್ತದೆ.