ಚಳ್ಳಕೆರೆ–ಮೊಳಕಾಲ್ಮುರು: ನಿವೇಶನ, ಮನೆ ಕೊಂಡು ಮಾರುವವರು ಮೊದಲು ನೋಡಬೇಕಾದದ್ದು

ಎಣ್ಣೆ ಮಿಲ್ಲುಗಳಿಗೆ ಹೆಸರಾದ ಚಳ್ಳಕೆರೆಯಾಗಲಿ, ರೇಷ್ಮೆ ಸೀರೆಯ ಮೊಳಕಾಲ್ಮುರು ಆಗಲಿ, ವ್ಯಾಪಾರಸ್ಥ ಕುಟುಂಬಗಳ ಉಳಿತಾಯ ಚಿನ್ನ ಬಿಟ್ಟರೆ ಹೆಚ್ಚಾಗಿ ಜಾಗಕ್ಕೇ ಹೋಗುತ್ತದೆ. ನಿವೇಶನ ಕೊಂಡು ಬೆಲೆ ಏರಿದಾಗ ಮಾರುವುದು, ಹಳೆಯ ಮನೆ ಕೊಂಡು ರಿಪೇರಿ ಮಾಡಿಸಿ ಮಾರುವುದು ಈಗ ಒಂದು ಉಪವೃತ್ತಿಯೇ ಆಗಿದೆ. ಇದರಲ್ಲಿ ಲಾಭವಿಲ್ಲವೆಂದಲ್ಲ. ಆದರೆ ಅಂಗಡಿಯ ಬಂಡವಾಳವೋ, ಮಗಳ ಮದುವೆಗೆಂದು ಇಟ್ಟ ಹಣವೋ ದಾಖಲೆ ಸರಿಯಿಲ್ಲದ ಜಾಗದಲ್ಲಿ ಸಿಕ್ಕಿಬಿದ್ದರೆ ಅದನ್ನು ಹೊರತೆಗೆಯಲು ವರ್ಷಗಳೇ ಬೇಕಾಗುತ್ತವೆ.

ಸುದ್ದಿಯೇ ಬೆಲೆಯಲ್ಲ

ಚಳ್ಳಕೆರೆ ತಾಲ್ಲೂಕಿನ ವರವು, ಕುದಾಪುರ, ಉಳ್ಳಾರ್ತಿ ಭಾಗದ ಅಮೃತ್ ಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆಯನ್ನು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಬಿಎಆರ್‌ಸಿ, ಇಸ್ರೊ ಮುಂತಾದವುಗಳಿಗೆ ಹಂಚಲಾಯಿತು. ‘ಸೈನ್ಸ್ ಸಿಟಿ’ ಎಂಬ ಹೆಸರು ಬಂತು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ ಸಿಕ್ಕಿತು. ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಇದರ ನಡುವೆ ಕಾವಲು ಉಳಿಸಬೇಕೆಂದು ಸ್ಥಳೀಯರು ಹೋರಾಡಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೂ ಹೋಯಿತು.

ಹೂಡಿಕೆದಾರರಿಗೆ ಇಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ದೊಡ್ಡ ಯೋಜನೆ ಘೋಷಣೆಯಾದ ದಿನಕ್ಕೂ ಅದು ನಡೆಯುವ ದಿನಕ್ಕೂ ಹಲವು ವರ್ಷಗಳ ಅಂತರವಿರುತ್ತದೆ; ಅಷ್ಟು ಕಾಲ ಸಾಲದ ಬಡ್ಡಿ ನಿಲ್ಲುವುದಿಲ್ಲ. ಎರಡನೆಯದು, ಕಾಂಪೌಂಡಿನೊಳಗಿನ ಸಂಸ್ಥೆ ಬಂದ ಮಾತ್ರಕ್ಕೆ ಹೊರಗಿನ ನಿವೇಶನಗಳಿಗೆಲ್ಲ ಗಿರಾಕಿ ಹುಟ್ಟುವುದಿಲ್ಲ. ‘ಸೈನ್ಸ್ ಸಿಟಿ ಹತ್ತಿರ’, ‘150ಎ ಹೆದ್ದಾರಿಗೆ ಹೊಂದಿಕೊಂಡು’ ಎಂಬ ಜಾಹೀರಾತು ಕಂಡಾಗ ಅಲ್ಲಿ ಈಗ ಎಷ್ಟು ಮನೆ ಎದ್ದಿವೆ, ಬಾಡಿಗೆ ಎಷ್ಟು ಬರುತ್ತಿದೆ, ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ಮಳೆ ಕಡಿಮೆಯಿರುವ ಈ ತಾಲ್ಲೂಕುಗಳಲ್ಲಿ ನೀರಿಲ್ಲದ ಬಡಾವಣೆಯ ನಿವೇಶನ ಮಾರುವುದು ಕಷ್ಟ.

ಮಂಜೂರಾದ ಭೂಮಿ: ದೊಡ್ಡ ಅಪಾಯ

ಈ ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ, 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಖರೀದಿ ಅಸಿಂಧು. ಜಮೀನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳುತ್ತದೆ. ಕೊಟ್ಟ ಹಣಕ್ಕೆ ಪರಿಹಾರವಿಲ್ಲ. 2023ರ ತಿದ್ದುಪಡಿಯ ನಂತರ ಇಂಥ ಅರ್ಜಿಗೆ ಕಾಲಮಿತಿ ಅಡ್ಡಿಯಾಗದು. ‘ನಾಲ್ಕು ಕೈ ಬದಲಾಗಿದೆ, ಏನೂ ಆಗಲ್ಲ’ ಎಂಬ ಮಾತನ್ನು ನಂಬಬಾರದು. ಬಡ ಕುಟುಂಬದ ಭೂಮಿ ಕೈತಪ್ಪಬಾರದೆಂದೇ ಮಾಡಿದ ಕಾಯ್ದೆ ಇದು. ಮೂಲ ಮಂಜೂರಾತಿ ಆದೇಶ, ಸಾಗುವಳಿ ಚೀಟಿಗಳನ್ನು ತಾಲ್ಲೂಕು ಕಚೇರಿಯಿಂದ ದೃಢೀಕೃತ ನಕಲಾಗಿ ಪಡೆದು ಓದಿದ ಮೇಲೆಯೇ ಮುಂದಿನ ಮಾತು.

ಕಾಗದಪತ್ರಗಳ ಪಟ್ಟಿ

ಜಮೀನಾದರೆ: ಪಹಣಿ, ಮ್ಯುಟೇಶನ್, ಆಕಾರ್‌ಬಂದ್, ಸರ್ವೆ ನಂಬರಿನ ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ. ಪಕ್ಕದಲ್ಲಿ ಕಾವಲು ಅಥವಾ ಅರಣ್ಯವಿದ್ದರೆ ಅಳತೆ ಮಾಡಿಸಿ ಗಡಿ ಗುರುತಿಸಿಕೊಳ್ಳಬೇಕು.

ನಿವೇಶನವಾದರೆ: ಭೂ ಪರಿವರ್ತನೆ ಆದೇಶ, ಅನುಮೋದಿತ ಬಡಾವಣೆ ನಕ್ಷೆ, ಇ–ಖಾತೆ. ಪಂಚಾಯಿತಿ ವ್ಯಾಪ್ತಿಯಲ್ಲಿ ಇ–ಸ್ವತ್ತಿನ ನಮೂನೆ 9 ಮತ್ತು 11ಎ ನೋಡಬೇಕು. 11ಬಿ ಎಂದಿದ್ದರೆ ಬ್ಯಾಂಕ್ ಸಾಲಕ್ಕೂ ಮನೆ ಕಟ್ಟುವ ಅನುಮತಿಗೂ ತೊಡಕು. ಹಳೆಯ ಮಿಲ್ಲಿನ ಜಾಗದಲ್ಲಿ ಬಡಾವಣೆಯಾಗಿದ್ದರೆ ಕೈಗಾರಿಕೆಗೆ ಆಗಿದ್ದ ಪರಿವರ್ತನೆ ವಸತಿಗೆ ಬದಲಾಗಿದೆಯೇ ಎಂದು ಪರಿಶೀಲಿಸಬೇಕು. 500 ಚದರ ಮೀಟರಿಗಿಂತ ದೊಡ್ಡ ಹೊಸ ಬಡಾವಣೆಗೆ ರೇರಾ ನೋಂದಣಿ ಕಡ್ಡಾಯ.

ಎಲ್ಲದಕ್ಕೂ: ಕನಿಷ್ಠ 30 ವರ್ಷದ ಋಣಭಾರ ಪತ್ರ. ನೋಂದಣಿಯಾಗದ ಕರಾರುಗಳು ಅದರಲ್ಲಿ ಕಾಣುವುದಿಲ್ಲ ಎಂಬುದು ನೆನಪಿರಲಿ. ಬರೀ ಜಿಪಿಎ ಆಧಾರದ ಮೇಲೆ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ. ಮೊಳಕಾಲ್ಮುರಿನ ಗಡಿ ದಾಟಿ ರಾಯದುರ್ಗದ ಕಡೆ ಕೊಳ್ಳುವವರಿಗೆ ಆಂಧ್ರದ ದಾಖಲೆ, ಅಲ್ಲಿನ ನೋಂದಣಿ ಕಚೇರಿ ಮತ್ತು ಕಾಯ್ದೆಗಳೇ ಅನ್ವಯ.

ಹೆಣ್ಣುಮಕ್ಕಳ ಸಹಿ

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಈ ಹಕ್ಕು ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹಳೆಯ ಮನೆ ಕೊಳ್ಳುವಾಗ ವಂಶವೃಕ್ಷ ತರಿಸಿ, ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯನ್ನೂ ಕ್ರಯಪತ್ರಕ್ಕೆ ಹಾಕಿಸಿಕೊಳ್ಳಬೇಕು. ಅವಿಭಕ್ತ ಕುಟುಂಬದ ಹಣದಲ್ಲಿ ಒಬ್ಬರ ಹೆಸರಿಗೆ ಕೊಳ್ಳುವುದಾದರೆ ಯಾರದೆಷ್ಟು ಪಾಲು ಎಂಬುದು ಅಂದೇ ಬರಹದಲ್ಲಿರಲಿ.

ರಿಪೇರಿ ಮಾಡಿಸಿ ಮಾರುವ ಲೆಕ್ಕ

ಒಂದು ಉದಾಹರಣೆ ಲೆಕ್ಕ ನೋಡೋಣ. 30 ಲಕ್ಷಕ್ಕೆ ಕೊಂಡ ಹಳೆಯ ಮನೆ 42 ಲಕ್ಷಕ್ಕೆ ಹೋಯಿತೆನ್ನಿ. ಮೇಲ್ನೋಟಕ್ಕೆ 12 ಲಕ್ಷ ಲಾಭ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದ್ದು, ಮುದ್ರಾಂಕ ಶುಲ್ಕ, ಸೆಸ್ ಸೇರಿ ಸುಮಾರು ಶೇ 7.6, ಅಂದರೆ 2.28 ಲಕ್ಷ. ರಿಪೇರಿಗೆ 5 ಲಕ್ಷ. ವಕೀಲರು, ಮಧ್ಯವರ್ತಿಗೆ ಕೊಳ್ಳುವಾಗ 30 ಸಾವಿರ, ಮಾರುವಾಗ 42 ಸಾವಿರ. 20 ಲಕ್ಷ ಸಾಲಕ್ಕೆ ಶೇ 10ರಂತೆ 14 ತಿಂಗಳ ಬಡ್ಡಿ 2.33 ಲಕ್ಷ. ಉಳಿಯುವುದು ಸುಮಾರು 1.67 ಲಕ್ಷ, ಅದೂ ತೆರಿಗೆಗೆ ಮುನ್ನ. ಗಿರಾಕಿ ಸಿಗುವುದು ಇನ್ನೊಂದು ವರ್ಷ ತಡವಾದರೆ ಬಡ್ಡಿಯೇ ಅದನ್ನು ನುಂಗಿ ನಷ್ಟವಾಗುತ್ತದೆ.

24 ತಿಂಗಳೊಳಗೆ ಮಾರಿದರೆ ಲಾಭ ಇತರ ಆದಾಯಕ್ಕೆ ಸೇರಿ ಸ್ಲ್ಯಾಬ್ ದರದ ತೆರಿಗೆ ಬೀಳುತ್ತದೆ. ಆ ಮೇಲೆ ಮಾರಿದರೆ ಶೇ 12.5. 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಗೆ ದೇಶದ ನಿವಾಸಿ ವ್ಯಕ್ತಿಗಳು ಮತ್ತು ಅವಿಭಕ್ತ ಕುಟುಂಬಗಳು ಹಣದುಬ್ಬರ ಸೂಚ್ಯಂಕದೊಂದಿಗೆ ಶೇ 20ರ ಲೆಕ್ಕವನ್ನೂ ಹಾಕಿ ನೋಡಬಹುದು. ಪದೇಪದೇ ಕೊಂಡು ಮಾರುವವರ ಲಾಭವನ್ನು ವ್ಯಾಪಾರದ ಆದಾಯವೆಂದೂ ಪರಿಗಣಿಸಬಹುದು. ಆಸ್ತಿ ಮಾರಾಟಕ್ಕೆ ₹20,000 ಅಥವಾ ಹೆಚ್ಚು ಮೊತ್ತವನ್ನು ನಗದಾಗಿ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಅಡ್ವಾನ್ಸ್‌ಗೆ ಮುನ್ನ

ಮೊದಲು ದಾಖಲೆಗಳ ನಕಲು ಪಡೆಯಿರಿ. ಮಾರುವವರಿಗೆ ಸಂಬಂಧವಿಲ್ಲದ ವಕೀಲರಿಂದ ಅಭಿಪ್ರಾಯವನ್ನು ಬರಹದಲ್ಲಿ ಕೇಳಿ. ರಾಷ್ಟ್ರೀಕೃತ ಬ್ಯಾಂಕೊಂದು ಆ ಆಸ್ತಿಗೆ ಸಾಲ ಕೊಡುತ್ತದೆಯೇ ಎಂದು ವಿಚಾರಿಸಿ. ನಿಮಗೆ ಸಾಲ ಬೇಡದಿದ್ದರೂ ಮುಂದೆ ನಿಮ್ಮಿಂದ ಕೊಳ್ಳುವವರಿಗೆ ಅದು ಬೇಕಾಗಬಹುದು. ಕರಾರನ್ನು ನೋಂದಾಯಿಸಿ, ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ, ಅವಧಿ ಮೀರಿದರೆ ಅಡ್ವಾನ್ಸ್ ಹೇಗೆ ಮರಳಬೇಕೆಂಬುದನ್ನು ಬರೆಸಿ. ಕರಾರು ಜಾರಿಗೆ ಕೋರ್ಟಿಗೆ ಹೋಗಲು ಮೂರು ವರ್ಷದ ಮಿತಿಯಿದೆ. ಮೂರು ವರ್ಷ ಮಾರಾಟವಾಗದೆ ಉಳಿದರೂ ಅಂಗಡಿ, ಮಕ್ಕಳ ಓದು, ಮನೆಖರ್ಚು ನಡೆಯುವಷ್ಟು ಹಣ ಬೇರೆ ಇದ್ದರೆ ಮಾತ್ರ ಕೈಹಾಕುವುದು ಕ್ಷೇಮ.