ಅಕ್ಷರಗುಂಡಿನ ಓದುಗರು

ಜೋಗಿಮಟ್ಟಿಯ ಬೆಟ್ಟಸಾಲು ಚಿತ್ರದುರ್ಗದ ಕಡೆಗೆ ಇಳಿಯುವಲ್ಲಿ ಚಂದ್ರವಳ್ಳಿ ಕಣಿವೆ ಇದೆ. ಅಲ್ಲಿನ ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ಮೂರು ಸಾಲು ಬರಹವಿದೆ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಸುದ್ದಿ ಅದು. ಕಾಲ ನಾಲ್ಕನೆಯ ಶತಮಾನ, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. 1929ರ ಸುಮಾರಿಗೆ ಇಲ್ಲಿ ಉತ್ಖನನ ನಡೆಸಿದ ಮೈಸೂರಿನ ಎಂ. ಎಚ್. ಕೃಷ್ಣ ಅದನ್ನು ಓದಿ ಬೆಳಕಿಗೆ ತಂದರು. ಮಯೂರ ಗೆದ್ದ ನಾಡುಗಳ ಹೆಸರೆಂದು ಅವರು ಓದಿದ ಭಾಗವನ್ನು ಮುಂದಿನ ವಿದ್ವಾಂಸರೆಲ್ಲ ಒಪ್ಪಲಿಲ್ಲ. ಸವೆದ ಕಲ್ಲಿನ ಓದು ಹಾಗೆಯೇ. ಕೆರೆಯ ಮಾತು ಮಾತ್ರ ಗಟ್ಟಿಯಾಗಿ ನಿಂತಿದೆ.

ಆ ಬಂಡೆಯ ಮುಂದೆ ನಿಂತಾಗಲೆಲ್ಲ ನನ್ನನ್ನು ಒಂದೇ ಯೋಚನೆ ಹಿಡಿಯುತ್ತದೆ. ರಜೆಯ ದಿನ ಇಲ್ಲಿಗೆ ಬರುವವರಲ್ಲಿ ಮೇಷ್ಟರಿದ್ದಾರೆ, ಎಂಜಿನಿಯರುಗಳಿದ್ದಾರೆ, ಕಾಲೇಜು ಹುಡುಗ ಹುಡುಗಿಯರಿದ್ದಾರೆ. ಬ್ರಾಹ್ಮಿ ಕಲಿತ ಬೆರಳೆಣಿಕೆಯ ಜನರನ್ನು ಬಿಟ್ಟರೆ ಈ ಮೂರು ಸಾಲಿನ ಮುಂದೆ ನಾವೆಲ್ಲರೂ ಅನಕ್ಷರಸ್ಥರು. ನಮ್ಮ ಜನಗಣತಿಯ ಪ್ರಕಾರ ಏಳು ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರಾದರೆ ಸಾಕ್ಷರರು. 2011ರಲ್ಲಿ ಚಿತ್ರದುರ್ಗ ಜಿಲ್ಲೆಯ ಸಾಕ್ಷರತೆ ಶೇ 74ರ ಆಸುಪಾಸಿನಲ್ಲಿತ್ತು. ಶಾಲೆ ಎಲ್ಲಿ ಬೇಕು, ಹೆಣ್ಣುಮಕ್ಕಳು ಎಲ್ಲಿ ಹಿಂದುಳಿದಿದ್ದಾರೆ ಎಂದು ತಿಳಿಯಲು ಈ ಲೆಕ್ಕ ಬೇಕೇ ಬೇಕು. ಆದರೆ ಉಳಿದ ಕಾಲುಭಾಗದ ಜನರನ್ನು ‘ಹೆಬ್ಬೆಟ್ಟು’ ಎಂದು ಕರೆದು, ಅವರ ತಲೆಯಲ್ಲಿ ಏನೂ ಇಲ್ಲವೆಂದು ತೀರ್ಮಾನಿಸುವುದಕ್ಕೆ ಆ ಲೆಕ್ಕದಲ್ಲಿ ಆಧಾರವಿಲ್ಲ. ಈ ಜಿಲ್ಲೆಯ ಕಲ್ಲುಗಳೇ ಬೇರೆ ಕಥೆ ಹೇಳುತ್ತವೆ.

ಆ ಕಥೆಗೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬೇಕು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹತ್ತಿರ ಹತ್ತಿರದ ಈ ಮೂರೂ ಕಡೆ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹಗಳನ್ನು 1892ರಲ್ಲಿ ಬಿ. ಎಲ್. ರೈಸ್ ಗುರುತಿಸಿದರು. ಬ್ರಾಹ್ಮಿಯನ್ನು ಓದುವ ಕೀಲಿ ಜೇಮ್ಸ್ ಪ್ರಿನ್ಸೆಪ್ ಕೈಗೆ ಸಿಕ್ಕಿದ್ದು 1837ರಲ್ಲಿ. ಅದಕ್ಕೂ ಮುಂಚೆ ಶತಮಾನಗಳ ಕಾಲ ಅದನ್ನು ಓದಬಲ್ಲವರೇ ಇರಲಿಲ್ಲ. ಹಾಗಿದ್ದೂ ಸುತ್ತಲಿನ ಹಳ್ಳಿಯವರು ಬ್ರಹ್ಮಗಿರಿಯ ಬಂಡೆಯನ್ನು ‘ಅಕ್ಷರಗುಂಡು’ ಎಂದು ಕರೆಯುತ್ತಿದ್ದರು. ಆ ಗೀರುಗಳು ಮಳೆ ಬಿಸಿಲಿನ ಕೆಲಸವಲ್ಲ, ಯಾರೋ ಯಾರಿಗೋ ಹೇಳಿದ ಮಾತು ಎಂಬ ತಿಳಿವಳಿಕೆ ಆ ಹೆಸರಿನಲ್ಲಿದೆ. ಓದಲು ಬಾರದವರು ಬರಹವನ್ನು ಬರಹವೆಂದು ಗುರುತಿಸಿದ್ದರು. ಇದನ್ನು ನಾನು ಸಣ್ಣ ವಿಷಯವೆಂದು ಎಣಿಸಲಾರೆ.

ಶಾಸನದ ಆದೇಶ ಹೊರಟದ್ದು ಸುವರ್ಣಗಿರಿಯಿಂದ. ಅಲ್ಲಿನ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ ಮಾತು ಶುರುಮಾಡುತ್ತಾರೆ. ಇಸಿಲ ಎಂಬ ಊರ ಹೆಸರೇ ಕನ್ನಡದ್ದು ಎಂದು ಡಿ. ಎಲ್. ನರಸಿಂಹಾಚಾರ್ ವಾದಿಸಿದ್ದರು. ಮುಂದೆ ಬರುವುದು ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿ, ನಿಜ ಹೇಳಿ, ಶಿಷ್ಯ ಗುರುವನ್ನು ಗೌರವಿಸಲಿ ಎಂಬ ಬುದ್ಧಿಮಾತು. ಇದನ್ನು ಊರಿನವರು ಬಂದು ನಿಂತು ಓದಿಕೊಳ್ಳಲಿ ಎಂದು ಯಾರೂ ನಿರೀಕ್ಷಿಸಿರಲಾರರು. ಆಂಧ್ರದ ಯರ್ರಗುಡಿಯಲ್ಲಿರುವ ಇಂಥದೇ ಶಾಸನ, ಭೇರಿ ಬಾರಿಸಿ ಜನರಿಗೆ ಸಾರಬೇಕೆಂದು ಅಧಿಕಾರಿಗೆ ನೇರವಾಗಿಯೇ ಹೇಳುತ್ತದೆ. ನಮ್ಮ ಹಳ್ಳಿಗಳ ಡಂಗುರ ನೆನಪಿಗೆ ಬರುತ್ತದೆ. ಕಲ್ಲಿನ ಮೇಲಿನ ಪ್ರಾಕೃತವನ್ನು ಒಬ್ಬ ಓದಿ, ಕೇಳುವವರ ನುಡಿಗೆ ತಿರುಗಿಸಿ, ಗಟ್ಟಿಯಾಗಿ ಹೇಳಿದರೆ ಇಡೀ ಊರಿಗೆ ಮುಟ್ಟುತ್ತಿತ್ತು. ಒಬ್ಬನ ಅಕ್ಷರ ಊರಿನ ಕಿವಿಗೆಲ್ಲ ಸಾಲುತ್ತಿದ್ದ ಏರ್ಪಾಡು ಅದು.

ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಲಿಪಿಕಾರ ಎಂಬ ಪದವನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ಇಂದಿನ ಪಾಕಿಸ್ತಾನದ ವಾಯವ್ಯ ಭಾಗದಲ್ಲಿ. ಅಶೋಕನ ಶಹಬಾಜ್‌ಗಢಿ, ಮಾನ್‌ಸೆಹ್ರಾ ಶಾಸನಗಳು ಆ ಲಿಪಿಯಲ್ಲಿವೆ. ಮೊಳಕಾಲ್ಮೂರಿನ ಕಲ್ಲುಗುಡ್ಡದಲ್ಲಿ ಅದನ್ನು ಓದಬಲ್ಲವರು ಅವನ ಹೊರತು ಇನ್ನಾರಾದರೂ ಇದ್ದರೋ ಇಲ್ಲವೋ. ಆ ಪದ ಯಾವ ಸುದ್ದಿಯನ್ನೂ ಮುಟ್ಟಿಸಬೇಕಾಗಿರಲಿಲ್ಲ. ತಾನು ಎರಡು ಲಿಪಿ ಬಲ್ಲವನು, ಇದು ತನ್ನ ಕಸುಬು ಎಂದು ಅವನು ಕಲ್ಲಿಗೆ ಹೇಳಿಟ್ಟಂತಿದೆ. ಅಕ್ಷರಕ್ಕೆ ಸುದ್ದಿ ಸಾಗಿಸುವ ಕೆಲಸದ ಜೊತೆಗೆ ಮನುಷ್ಯನ ಗುರುತು ಹೊರುವ ಕೆಲಸವೂ ಅಷ್ಟು ಹಿಂದೆಯೇ ಅಂಟಿಕೊಂಡಿತ್ತು. ಚಂದ್ರವಳ್ಳಿಯ ಕಡೆ ಸಿಕ್ಕ ಸೀಸದ ನಾಣ್ಯಗಳ ಮೇಲೂ ಸದಕನ ಕಳಲಾಯ ಮಹಾರಠಿ ಎಂಬ ಹೆಸರಿದೆ. ಸಂತೆಯಲ್ಲಿ ಅವನ್ನು ಎಣಿಸಿ ಕೊಟ್ಟವರಲ್ಲಿ ಹೆಚ್ಚಿನವರು ಆ ಹೆಸರನ್ನು ಓದಿರಲಿಕ್ಕಿಲ್ಲ. ಬರಹ ಇದೆ ಎಂಬುದೇ ನಾಣ್ಯದ ನಂಬಿಕೆಯನ್ನು ಕಾಯುತ್ತಿತ್ತು.

ಬ್ರಾಹ್ಮಿಯೇ ಕದಂಬರ ಕಾಲವನ್ನು ದಾಟಿ, ತಿರುವು ಪಡೆದು, ದುಂಡಗಾಗಿ ಇಂದಿನ ಕನ್ನಡ ಲಿಪಿಯಾಯಿತು. ರೂಪ ಬದಲಾದರೂ ಒಳಗಿನ ಕಟ್ಟು ಹಾಗೆಯೇ ಉಳಿದಿದೆ. ವ್ಯಂಜನಕ್ಕೆ ಅಕಾರ ಸೇರಿಯೇ ಇರುತ್ತದೆ, ಬೇರೆ ಸ್ವರ ಬೇಕಾದರೆ ಗುಡಿಸು, ಕೊಂಬು, ಏತ್ವ ಹಚ್ಚಬೇಕು. 34 ವ್ಯಂಜನಕ್ಕೆ 13 ಸ್ವರ ಸೇರಿಸಿದರೆ 442 ರೂಪಗಳಾಗುತ್ತವೆ. ಒತ್ತಕ್ಷರ ಇನ್ನೂ ಎಣಿಕೆಗೆ ಬಂದಿಲ್ಲ. ಇಂಗ್ಲಿಷಿನ 26 ಅಕ್ಷರದ ಮಗುವಿಗೆ ಹಾಕಿದ ಗಡುವನ್ನು ನಮ್ಮ ಮಗುವಿಗೂ ಹಾಕುವುದು ತಪ್ಪು ಎಂದು ನಾನು ಬಹುಕಾಲದಿಂದ ನಂಬಿದ್ದೇನೆ. ಕನ್ನಡ ಕಲಿಯುವ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಕಂಡದ್ದೂ ಅದೇ. ಅಕ್ಷರಗಳ ಪೂರ್ತಿ ಹಿಡಿತ ಒಂದೆರಡು ವರ್ಷದಲ್ಲಿ ಮುಗಿಯದೆ ಮುಂದಿನ ತರಗತಿಗಳಿಗೂ ಚಾಚಿಕೊಳ್ಳುತ್ತದೆ. ‘ಕಿ’ಯೊಳಗಿನ ‘ಕ್’ ಮತ್ತು ‘ಇ’ಯನ್ನು ಬಿಡಿಸಿ ಕೇಳಿಸಿಕೊಳ್ಳುವ ಶಕ್ತಿ ಇನ್ನೂ ನಿಧಾನವಾಗಿ ಬರುತ್ತದೆ. ನಾಲ್ಕನೆಯ ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಗು ದಡ್ಡ ಮಗುವಲ್ಲ.

ದನಿಯನ್ನು ಹೀಗೆ ಬಿಡಿಸಿ ಕೇಳುವುದು ಹುಟ್ಟಿನಿಂದ ಬಂದದ್ದೂ ಅಲ್ಲ. 1979ರಲ್ಲಿ ಪೋರ್ಚುಗಲ್ಲಿನಲ್ಲಿ ಜೋಸೆ ಮೊರೈಸ್ ಮತ್ತು ಸಂಗಡಿಗರು ಓದು ಕಲಿಯದ ದೊಡ್ಡವರಿಗೆ ಪದದ ಮೊದಲ ದನಿಯನ್ನು ತೆಗೆದು ಹೇಳಲು ಕೇಳಿದಾಗ ಹೆಚ್ಚಿನವರಿಗೆ ಆಗಲಿಲ್ಲ. ದೊಡ್ಡವರಾದ ಮೇಲೆ ಓದು ಕಲಿತವರು ಮಾಡಿ ತೋರಿಸಿದರು. ಅಕ್ಷರ ಕಿವಿಯನ್ನೂ ತಿದ್ದುತ್ತದೆ. ಹಾಗೆಂದು ಅದು ಇಡೀ ಬುದ್ಧಿಯನ್ನೇ ಬೇರೆ ಮಾಡುತ್ತದೆಯೇ? ಲೈಬೀರಿಯಾದ ವಾಯ್ ಜನರಿಗೆ ತಮ್ಮದೇ ಲಿಪಿಯಿದೆ, ನಮ್ಮ ಕಾಗುಣಿತದ ಹಾಗೆ ಒಂದೊಂದು ಉಚ್ಚಾರಕ್ಕೆ ಒಂದೊಂದು ಗುರುತು. ಅದನ್ನು ಶಾಲೆಯ ಹೊರಗೆ ಕಲಿಯುತ್ತಾರೆ. ಸಿಲ್ವಿಯಾ ಸ್ಕ್ರಿಬ್ನರ್ ಮತ್ತು ಮೈಕೆಲ್ ಕೋಲ್ 1981ರ ತಮ್ಮ ಪುಸ್ತಕದಲ್ಲಿ ತೋರಿಸಿದಂತೆ, ಈ ಲಿಪಿ ಬಲ್ಲವರು ಉಚ್ಚಾರಗಳನ್ನು ಜೋಡಿಸುವಂಥ ಕೆಲವು ಕೆಲಸಗಳಲ್ಲಿ ಮುಂದಿದ್ದರು. ತರ್ಕ ಬಿಡಿಸಿ ಹೇಳುವುದರಲ್ಲಿ ಕಂಡ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಶಾಲೆಯ ಅಭ್ಯಾಸ ಕಾರಣವಾಗಿತ್ತು. ಲಖನೌ ಸುತ್ತಲಿನ ಹಳ್ಳಿಗಳಲ್ಲಿ ಓದು ಬಾರದ ವಯಸ್ಕರಿಗೆ ಆರು ತಿಂಗಳು ಓದು ಬರಹ ಕಲಿಸಿ ಮಿದುಳಿನ ಚಿತ್ರ ತೆಗೆದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಫಲಿತಾಂಶ ನನಗೆ ಇನ್ನೂ ಇಷ್ಟ. ಅಕ್ಷರ ಬಂದರೆ ಮುಖ ಗುರುತಿಸುವ ಜಾಗ ಕಿರಿದಾಗುತ್ತದೆ ಎಂಬ ಊಹೆಗೆ ಅಲ್ಲಿ ಪುಷ್ಟಿ ಸಿಗಲಿಲ್ಲ.

ಈ ಜಿಲ್ಲೆಯಲ್ಲಿ ಈ ಪ್ರಶ್ನೆ ಪುಸ್ತಕದ್ದಷ್ಟೇ ಅಲ್ಲ. ಚಳ್ಳಕೆರೆ, ಹಿರಿಯೂರು ಕಡೆಯ ಗೊಲ್ಲರಹಟ್ಟಿಗಳಲ್ಲಿ ಗಣೆ ಎಂಬ ಕೊಳಲು ಊದುತ್ತಾ ತಮ್ಮ ದೈವ ಜುಂಜಪ್ಪನ ಕಥೆ ಹಾಡುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಕಲಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟು ಹಾಡಿದವರು. ಕೃಷ್ಣಮೂರ್ತಿ ಹನೂರು ಆಕೆಯ ಹಾಡುಗಳನ್ನು ಬರೆದುಕೊಂಡು ಪುಸ್ತಕಕ್ಕೆ ತಂದರು. ಅಲ್ಲಿಯೂ ಒಬ್ಬರ ಬಾಯಿ, ಇನ್ನೊಬ್ಬರ ಲೇಖನಿ. ಆದರೆ ಚಪಡನ ಕಾಲದ ದಿಕ್ಕು ತಿರುಗಿದೆ. ಅಂದು ಬರಹ ಮೇಲಿನಿಂದ ಇಳಿದು ಬಾಯಾಯಿತು, ಇಂದು ಹಟ್ಟಿಯ ಬಾಯಿ ಬರಹವಾಯಿತು. ಅಜ್ಜಿ ಸೋಬಾನೆಯ ನಡುವೆ ಉಸಿರೆಳೆದುಕೊಂಡ ಜಾಗ, ಕೇಳುವವರ ಮುಖ ನೋಡಿ ಒಂದು ಸಾಲು ಬೆಳೆಸಿದ ಬಗೆ ಅಚ್ಚಿನಲ್ಲಿ ಬರುವುದಿಲ್ಲ. ಅಚ್ಚಾಗದಿದ್ದರೆ ದೂರದ ಊರಿನ ನಮಗೆ ಆ ಪದಗಳೇ ಸಿಗುತ್ತಿರಲಿಲ್ಲ.

ಚಂದ್ರವಳ್ಳಿಯ ಬಂಡೆಯ ಎದುರಿಗೆ ಇವತ್ತಿಗೂ ಕೆರೆಯಿದೆ. ಮಳೆ ಚೆನ್ನಾಗಿ ಬಿದ್ದ ವರ್ಷ ಜೋಗಿಮಟ್ಟಿಯ ತಪ್ಪಲಿನ ನೀರು ಅಲ್ಲಿಗೆ ಇಳಿಯುತ್ತದೆ.