ಕಾಲವನ್ನು ದಾಟಿದ ಮುಷ್ಟಿಕಾಳಗ

1967ನೆಯ ಇಸವಿಯಲ್ಲಿ ಮಹಮ್ಮದ್ ಅಲಿಗೆ ಎರಡು ಪೆಟ್ಟುಗಳು ಬಿದ್ದುವು. ಎರಡೂ ಕಣದ ಹೊರಗೆ ಬಿದ್ದ ಪೆಟ್ಟುಗಳೇ. ಸೈನ್ಯಕ್ಕೆ ಸೇರಲು ನಿರಾಕರಿಸಿದನೆಂದು ಆತನಿಂದ ಹೆವಿವೆಯ್ಟ್ ವೀರನೆಂಬ ಬಿರುದನ್ನು ಕಿತ್ತುಕೊಳ್ಳಲಾಯಿತು. ಅದೇ ವರ್ಷ ಒಂದು ಗಣಕಯಂತ್ರವು, ಆತ ಹುಟ್ಟುವ ಮೊದಲೇ ಕಣದಿಂದ ನಿವೃತ್ತನಾಗಿದ್ದ ಜಿಮ್ ಜೆಫ್ರೀಸನಿಗೆ ಸೋತನೆಂದು ತೀರ್ಪು ಕೊಟ್ಟಿತು.

ಮರ್ರೆ ವೊರೋನರ್ ಎಂಬ ಅಮೆರಿಕದ ಬಾನುಲಿ ನಿರ್ಮಾಪಕನು ಬೇರೆ ಬೇರೆ ಕಾಲದ 16 ಮಂದಿ ವೀರರ ಗುಣದೋಷಗಳನ್ನು ಅಂಕಿಗಳಾಗಿ ಮಾರ್ಪಡಿಸಿ ಯಂತ್ರಕ್ಕೆ ಒಪ್ಪಿಸಿದ್ದನು. ಯಂತ್ರ ಹೇಳಿದ ಕಾಳಗಗಳು ವೀಕ್ಷಕವಿವರಣೆಯ ರೂಪದಲ್ಲಿ ಬಾನುಲಿಯಲ್ಲಿ ಪ್ರಸಾರವಾದುವು. ಕೊನೆಯ ಪಂದ್ಯದಲ್ಲಿ ರಾಕಿ ಮಾರ್ಸಿಯಾನೊ ಜ್ಯಾಕ್ ಡೆಂಪ್ಸಿಯನ್ನು ಗೆದ್ದನು. ತನ್ನ ಹೆಸರಿಗೆ ಕುಂದು ಬಂದಿತೆಂದು ಅಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದನು. ರಾಜಿಯ ಫಲವಾಗಿ 1969ರಲ್ಲಿ ಅಲಿ ಮತ್ತು ಮಾರ್ಸಿಯಾನೊ ಇಬ್ಬರೂ ಛಾಯಾಗ್ರಾಹಕರ ಮುಂದೆ ಒಂದೊಂದು ನಿಮಿಷದ ಹಲವಾರು ಸುತ್ತುಗಳ ಕಾಳಗವನ್ನು ಅಭಿನಯಿಸಿದರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ತೋರಿಸಿದ ಪ್ರತಿಯಲ್ಲಿ ಮಾರ್ಸಿಯಾನೊ 13ನೆಯ ಸುತ್ತಿನಲ್ಲಿ ಗೆದ್ದನು. ಯೂರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಅಲಿ ಗೆದ್ದನು! ಮಾರ್ಸಿಯಾನೊ ಮಾತ್ರ ಇದಾವುದನ್ನೂ ನೋಡಲಿಲ್ಲ. 1969ರ ಆಗಸ್ಟ್ 31ರಂದು ವಿಮಾನಾಪಘಾತದಲ್ಲಿ ಆತ ತೀರಿಕೊಂಡಿದ್ದನು.

ಎಂದೂ ಎದುರುಬದುರು ನಿಲ್ಲದ ಇಬ್ಬರಲ್ಲಿ ಯಾರು ಮೇಲೆಂದು ವಿಜ್ಞಾನವು ಹೇಳಬಲ್ಲದೆ? ನಮ್ಮ ಗರಡಿಮನೆಗಳ ಜಗುಲಿಯಲ್ಲಿಯೂ ಕೇಳಿಬರುವ ಈ ಪ್ರಶ್ನೆಯನ್ನು ತುಸು ಬಿಡಿಸಿ ನೋಡೋಣ.

ಮೊದಲು ದೇಹಬಲ. 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಫ್ರಾಂಕ್ ಬ್ರೂನೋ ಎಂಬ ಹೆವಿವೆಯ್ಟ್ ಪಟುವಿನ ಹೊಡೆತವನ್ನು ಅಳೆದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ಬಲ ಸುಮಾರು 4,100 ನ್ಯೂಟನ್, ಎಂದರೆ ನಾಲ್ಕು ಕ್ವಿಂಟಲಿನ ತೂಕಕ್ಕೆ ಸಮ. ಮೆತ್ತೆ ಹೊದಿಸಿದ 6 ಕಿಲೋಗ್ರಾಮಿನ ಮರದ ಕೊಡತಿಯೊಂದು ಗಂಟೆಗೆ 32 ಕಿಲೋಮೀಟರ್ ವೇಗದಿಂದ ಬಂದು ಬಡಿದಂತೆ! ಬರಿಯ ಮುಷ್ಟಿ ಇಷ್ಟು ತೂಗುವುದಿಲ್ಲ. ತೋಳು, ಭುಜ, ಸೊಂಟಗಳೆಲ್ಲ ಅದರ ಹಿಂದೆ ನಿಂತು ತಮ್ಮ ಸಂವೇಗವನ್ನು ಧಾರೆಯೆರೆಯುತ್ತವೆ. ಆದುದರಿಂದಲೇ ಮೈತೂಕಕ್ಕೆ ಬೆಲೆ.

1952ರಲ್ಲಿ ಬಿರುದನ್ನು ಗೆದ್ದಾಗ ಮಾರ್ಸಿಯಾನೊನ ತೂಕ 184 ಪೌಂಡು. 2002ರಲ್ಲಿ ಮೈಕ್ ಟೈಸನ್ನನನ್ನು ಸೋಲಿಸಿದಾಗ ಲೆನಾಕ್ಸ್ ಲೂಯಿಸನ ತೂಕ ಸುಮಾರು 249 ಪೌಂಡು, ಎಂದರೆ 35 ಪ್ರತಿಶತ ಹೆಚ್ಚು. ಆದರೆ ಬಲವೂ ಅಷ್ಟೇ ಹೆಚ್ಚಿತೆನ್ನಲಾಗದು. ಒಂದೇ ಆಕಾರದ ಎರಡು ದೇಹಗಳಲ್ಲಿ ತೂಕವು ಉದ್ದದ ಘನದಂತೆ ಏರಿದರೆ, ಸ್ನಾಯುವಿನ ಬಲವು ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅನುಸರಿಸಿ ವರ್ಗದಂತೆ ಏರುತ್ತದೆ. ಲೆಕ್ಕ ಹಾಕಿದರೆ ಬಲದ ಹೆಚ್ಚಳ ಸುಮಾರು 22 ಪ್ರತಿಶತ ಮಾತ್ರ. ದೊಡ್ಡವನಿಗೆ ಒಟ್ಟು ಬಲ ಹೆಚ್ಚು. ತನ್ನ ಮೈಯನ್ನು ತಾನೇ ಹೊತ್ತು ಓಡಾಡುವ ಚುರುಕು ಕಡಿಮೆ. 1919ರಲ್ಲಿ 187 ಪೌಂಡಿನ ಡೆಂಪ್ಸಿಯು 245 ಪೌಂಡಿನ ಜೆಸ್ ವಿಲ್ಲರ್ಡನನ್ನು ಮೊದಲನೆಯ ಸುತ್ತಿನಲ್ಲಿಯೇ ಏಳು ಸಲ ನೆಲಕ್ಕೆ ಕೆಡವಿದನು. ತಕ್ಕಡಿಯೊಂದೇ ಇಲ್ಲಿ ತೀರ್ಪುಗಾರನಲ್ಲ.

ಎರಡನೆಯದು ದಾಖಲೆಯ ಲೆಕ್ಕ. ಅಮೆರಿಕದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾಗಿದ್ದ ಆರ್ಪಾಡ್ ಈಲೋ ಎಂಬಾತ ಚದುರಂಗದ ಆಟಗಾರರಿಗಾಗಿ ಒಂದು ಜಾಣ್ಮೆಯ ಕ್ರಮವನ್ನು ರೂಪಿಸಿದನು. ಬಲ್ಲಿದನನ್ನು ಸೋಲಿಸಿದರೆ ಹೆಚ್ಚು ಅಂಕ, ಬಡವನನ್ನು ಸೋಲಿಸಿದರೆ ಕಡಿಮೆ ಅಂಕ. ಇಬ್ಬರ ನಡುವಣ ಅಂತರ 200 ಅಂಕಗಳಿದ್ದರೆ ಮೇಲಿನವನು ನೂರಕ್ಕೆ ಸುಮಾರು 76 ಅಂಕಗಳನ್ನು ಗಳಿಸಬೇಕೆಂದು ನಿರೀಕ್ಷೆ. ಇದೇ ಕ್ರಮವನ್ನು ಮುಷ್ಟಿಪಟುಗಳಿಗೂ ಅನ್ವಯಿಸಬಹುದು. ಆದರೆ ಎರಡು ಕಾಲಗಳನ್ನು ಕೂಡಿಸುವ ಸೇತುವೆ ಯಾವುದು? ಆರ್ಚಿ ಮೂರ್ ಎಂಬಾತ 1955ರಲ್ಲಿ ಮಾರ್ಸಿಯಾನೊನೊಡನೆ ಕಾದಾಡಿ 9ನೆಯ ಸುತ್ತಿನಲ್ಲಿ ಸೋತನು. 1962ರಲ್ಲಿ, ಇನ್ನೂ ಕ್ಯಾಷಿಯಸ್ ಕ್ಲೇ ಎಂಬ ಹೆಸರಿನಲ್ಲಿದ್ದ ಅಲಿಗೆ 4ನೆಯ ಸುತ್ತಿನಲ್ಲಿ ಸೋತನು. ಹಾಗಾದರೆ ಅಲಿಯೇ ಮೇಲೆಂದು ಬರೆದುಬಿಡೋಣವೆ? ನಿಲ್ಲಿ. ಎರಡನೆಯ ಕಾಳಗದ ಹೊತ್ತಿಗೆ ಮೂರನಿಗೆ ನಲವತ್ತೈದರ ಆಸುಪಾಸಿನ ವಯಸ್ಸು. ಎರಡು ಅಳತೆಗಳ ನಡುವೆ ಅಳತೆಗೋಲೇ ಸವೆದುಹೋಗಿತ್ತು.

ಇನ್ನೊಂದು ತೊಡಕಿದೆ. ರಾಮನು ಭೀಮನಿಗಿಂತ ಎತ್ತರ, ಭೀಮನು ಸೋಮನಿಗಿಂತ ಎತ್ತರವೆಂದರೆ ರಾಮನು ಸೋಮನಿಗಿಂತ ಎತ್ತರವೆಂಬುದು ನಿಶ್ಚಯ. ಕಾಳಗದಲ್ಲಿ ಈ ನಿಯಮ ನಡೆಯುವುದಿಲ್ಲ. 1971ರಲ್ಲಿ ಜೋ ಫ್ರೇಜಿಯರ್ ಅಲಿಯನ್ನು ಗೆದ್ದನು. 1973ರಲ್ಲಿ ಜಾರ್ಜ್ ಫೋರ್ಮನ್ ಫ್ರೇಜಿಯರನನ್ನು ಎರಡೇ ಸುತ್ತಿನಲ್ಲಿ ಮುಗಿಸಿದನು. 1974ರಲ್ಲಿ ಕಿನ್ಷಾಸಾ ನಗರದಲ್ಲಿ ಅಲಿಯು ಫೋರ್ಮನನನ್ನು 8ನೆಯ ಸುತ್ತಿನಲ್ಲಿ ಉರುಳಿಸಿದನು. ಸಾಲು ಹೋಗಿ ವೃತ್ತವಾಯಿತು! ಒಬ್ಬೊಬ್ಬನಿಗೆ ಒಂದೊಂದು ಅಂಕವನ್ನು ಕೊಟ್ಟು ಒಂದೇ ಗೆರೆಯ ಮೇಲೆ ನಿಲ್ಲಿಸುವ ಯಾವ ಲೆಕ್ಕವೂ ಈ ವೃತ್ತವನ್ನು ತೋರಿಸಲಾರದು.

ಕಾಳಗದ ಕಟ್ಟಳೆಗಳೂ ಕಾಲದೊಡನೆ ಬದಲಾಗಿವೆ. 1915ರಲ್ಲಿ ಜ್ಯಾಕ್ ಜಾನ್ಸನ್ ಮತ್ತು ವಿಲ್ಲರ್ಡರ ಕಾಳಗಕ್ಕೆ ಗೊತ್ತುಮಾಡಿದ್ದುದು 45 ಸುತ್ತುಗಳು. ಅದು ಮುಗಿದುದು 26ನೆಯ ಸುತ್ತಿನಲ್ಲಿ. ಮಾರ್ಸಿಯಾನೊನ ಕಾಲಕ್ಕೆ ಮಿತಿ 15 ಸುತ್ತುಗಳಾಯಿತು. 1982ರಲ್ಲಿ ಕೊರಿಯದ ಪಟುವೊಬ್ಬ ಕಣದಲ್ಲಿ ಪೆಟ್ಟು ತಿಂದು ಮಡಿದ ಬಳಿಕ ಅದು 12ಕ್ಕೆ ಇಳಿಯಿತು. ದೀರ್ಘಶ್ವಾಸದವನಿಗೂ ಶೀಘ್ರಪ್ರಹಾರದವನಿಗೂ ಕಾಳಗವಾದರೆ, ಎಷ್ಟು ಸುತ್ತುಗಳೆಂದು ಹೇಳದೆ ಗೆಲ್ಲುವವನಾರೆಂದು ಹೇಳಲಾಗುವುದೆ?

ಎಲ್ಲಕ್ಕಿಂತ ಮಿಗಿಲಾದ ಕೊರತೆ ಅಂಕಿಗಳೊಳಗೇ ಅಡಗಿದೆ. ಬಿರುದು ತನ್ನ ಕೈಯಲ್ಲಿದ್ದಾಗ ಜೆಫ್ರೀಸನು ಜ್ಯಾಕ್ ಜಾನ್ಸನ್ನನೊಡನೆ ಕಾದಲು ಒಪ್ಪಲಿಲ್ಲ. ಜಾನ್ಸನ್ ಕರಿಯ ಬಣ್ಣದವನು. 1910ರಲ್ಲಿ ನಿವೃತ್ತಿಯಿಂದ ಎದ್ದು ಬಂದು ಕಾದಿದಾಗ ಜೆಫ್ರೀಸನೇ ಸೋತನು. ಜಾನ್ಸನ್ ಬಿರುದನ್ನು ಕಳೆದುಕೊಂಡ 1915ರಿಂದ ಜೋ ಲೂಯಿಸ್ ಗೆದ್ದ 1937ರ ವರೆಗೆ ಕರಿಯ ಪಟುಗಳಾರಿಗೂ ಹೆವಿವೆಯ್ಟ್ ಬಿರುದಿಗಾಗಿ ಕಾದುವ ಅವಕಾಶವೇ ದೊರೆಯಲಿಲ್ಲ. ನಡೆಯಗೊಡದ ಕಾಳಗಗಳು ದಾಖಲೆಯಲ್ಲಿ ಸೋಲಾಗಿಯೂ ಇಲ್ಲ, ಗೆಲುವಾಗಿಯೂ ಇಲ್ಲ. ಅಲ್ಲಿರುವುದು ಬರಿಯ ಬಯಲು. ಅನ್ಯಾಯವು ಬಿಟ್ಟುಹೋದ ಬಯಲನ್ನು ಯಂತ್ರವು ಕಾಣಲಾರದು. ಬಿತ್ತಿದಂತೆ ಬೆಳೆಯಲ್ಲವೆ?

ಹಾಗೆಂದು ಯಂತ್ರವನ್ನು ಹಳಿಯಬೇಕಾಗಿಲ್ಲ. ಅದರಿಂದ ಕೇಳಬಾರದ್ದನ್ನು ಕೇಳಿದುದು ನಮ್ಮ ತಪ್ಪು. ಬೀಸಿದ ನಾಣ್ಯ ಮುಂದಿನ ಸಲ ಹೇಗೆ ಬೀಳುವುದೆಂದು ಭೌತವಿಜ್ಞಾನಿ ಹೇಳುವುದಿಲ್ಲ. ಸಾವಿರ ಸಲ ಬೀಸಿದರೆ ಸುಮಾರು ಅರ್ಧದಷ್ಟು ಸಲ ತಲೆ ಬೀಳುವುದೆಂದು ಹೇಳುತ್ತಾನೆ. ಒಳ್ಳೆಯ ಲೆಕ್ಕವು, ಇಂತಿಂಥ ಕಟ್ಟಳೆಗಳಲ್ಲಿ, ಇಂತಿಂಥ ವಯಸ್ಸಿನಲ್ಲಿ ಇಬ್ಬರೂ ನೂರು ಸಲ ಕಾದಿದ್ದರೆ ಯಾರಿಗೆ ಎಷ್ಟು ಗೆಲುವುಗಳಾಗಬಹುದಿತ್ತೆಂದು ಅಂದಾಜು ಹೇಳೀತು. ಅದರೊಡನೆ ಅಂದಾಜು ಎಷ್ಟು ತಪ್ಪಬಹುದೆಂಬುದನ್ನೂ ಹೇಳೀತು. 13ನೆಯ ಸುತ್ತಿನಲ್ಲಿ ಇಂಥವನು ಬಿದ್ದನೆಂಬ ಮಾತು ಮಾತ್ರ ಲೆಕ್ಕವಲ್ಲ, ಕಥೆ.

ಆ ಕಥೆಗೆ ಬೇರೊಂದು ಅಂತ್ಯವೂ ಇದ್ದುದನ್ನು ಆಗಲೇ ಕಂಡೆವು. ಆದರೆ ಅಲಿಯ ಮಟ್ಟಿಗೆ ಅದು ಕಥೆಯಾಗಿರಲಿಲ್ಲ. 1967ರ ಮಾರ್ಚಿಯಿಂದ 1970ರ ಅಕ್ಟೋಬರಿನ ವರೆಗೆ, ತನ್ನ ಯೌವನದ ಮೂರೂವರೆ ವರ್ಷಗಳ ಕಾಲ, ಆತನಿಗೆ ನಿಜವಾದ ಕಣದಲ್ಲಿ ಕಾಲಿಡಲು ಆಗಲಿಲ್ಲ. ಆ ಅವಧಿಯಲ್ಲಿ ಆತ ಏನಾಗುತ್ತಿದ್ದನೆಂಬ ಪ್ರಶ್ನೆಗೆ ಇಂದಿನ ಅತ್ಯಂತ ಬಲಶಾಲಿಯಾದ ಗಣಕಯಂತ್ರವೂ ಉತ್ತರ ಕೊಡಲಾರದು. ಅದಕ್ಕೆ ಬೇಕಾಗಿದ್ದ ಅಂಕಿಗಳು ಹುಟ್ಟಲೇ ಇಲ್ಲ.